ಸೊನ್ನಲಿಗೆಗೆ ಎರಡು ದಿನ ಇಟ್ಟುಕೊಂಡು ಬನ್ನಿ

ಬೆಂಗಳೂರು, ಮೈಸೂರು ಕಡೆಯ ಪರಿಚಯದವರಿಂದ ವರ್ಷಕ್ಕೆ ನಾಲ್ಕಾರು ಸಲವಾದರೂ ಫೋನು ಬರುತ್ತದೆ. ಅಕ್ಕಲಕೋಟೆಗೆ ಸ್ವಾಮಿ ಸಮರ್ಥರ ದರ್ಶನಕ್ಕೆ ಹೊರಟಿದ್ದೇವೆ, ದರ್ಶನ ಮುಗಿದ ಮೇಲೆ ರೈಲಿಗೆ ಅರ್ಧ ದಿನ ಉಳಿಯುತ್ತದೆ, ಸೊಲ್ಲಾಪುರದಲ್ಲಿ ನೋಡುವಂಥದ್ದು ಏನಾದರೂ ಇದೆಯೇ ಎಂದು ಕೇಳುತ್ತಾರೆ. ಅರ್ಧ ದಿನ ಸಾಲದು, ಎರಡು ದಿನ ಇಟ್ಟುಕೊಂಡು ಬನ್ನಿ ಎಂದು ನಾನು ಹೇಳುತ್ತೇನೆ. ಆ ಕಡೆಯವರು ಸುಮ್ಮನಾಗುತ್ತಾರೆ. ಚಾದರ ಕೊಳ್ಳಲಿಕ್ಕೆ ಎರಡು ದಿನ ಬೇಕೇ ಎಂದು ಒಬ್ಬರು ಕೇಳಿಯೇ ಬಿಟ್ಟರು. ಫೋನಿನಲ್ಲಿ ಅವರಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನೂರು ಕರಜಗಿ. ಹಾವೇರಿ ಜಿಲ್ಲೆಯಲ್ಲೊಂದು ಕರಜಗಿ ಇದೆ, ಅಫಜಲಪುರ ತಾಲೂಕಿನಲ್ಲೊಂದು ಇದೆ. ನಮ್ಮದು ಅಕ್ಕಲಕೋಟೆ ತಾಲೂಕಿನ, ಮಹಾರಾಷ್ಟ್ರದ ಕರಜಗಿ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಸಂತೆಯಲ್ಲಿ ಎರಡೂ. ದುಧನಿ, ಮೈಂದರ್ಗಿ, ನಾಗಣಸೂರು, ತಡವಳ, ಈ ಕಡೆಯ ಯಾವ ಊರಿನ ಕಟ್ಟೆಯ ಮೇಲೆ ಹೋಗಿ ಕೂತರೂ ಕಿವಿಗೆ ಕನ್ನಡ ಬೀಳುತ್ತದೆ. ಅಕ್ಕಲಕೋಟೆ ತಾಲೂಕು ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತ್ತು. ಸೇರಲಿಲ್ಲ. ಆ ವಾದವನ್ನು ನಾನಿಲ್ಲಿ ಎತ್ತುವುದಿಲ್ಲ. ಸೊಲ್ಲಾಪುರವನ್ನು ಕನ್ನಡ ಬಲ್ಲವರು ನೋಡಿದಷ್ಟು ಆಳವಾಗಿ ಇನ್ನೊಬ್ಬರು ನೋಡಲಾರರು ಎಂಬುದಷ್ಟೇ ನನ್ನ ಮಾತು. ಆದರೆ ಅವರೇ ಈ ಊರನ್ನು ರೈಲು ಬದಲಿಸುವ ಜಾಗ ಎಂದುಕೊಂಡು ದಾಟಿ ಹೋಗುತ್ತಾರೆ.

ಮೊದಲು ಕೆರೆಗೆ ಹೋಗಿ. ಬೆಳಗಿನ ಆರಕ್ಕೆಲ್ಲ ಅಲ್ಲಿರಬೇಕು. ಊರ ನಟ್ಟನಡುವೆ ಇಷ್ಟು ದೊಡ್ಡ ನೀರು, ನೀರಿನ ಮಡಿಲಲ್ಲಿ ಸಿದ್ಧೇಶ್ವರ ಗುಡಿ, ಪಕ್ಕಕ್ಕೆ ಕೋಟೆಯ ಕಪ್ಪು ಗೋಡೆ. ಬಿಸಿಲು ಏರುವ ಮುಂಚೆ ಗುಡಿಯ ಶಿಖರ ನೀರಿನಲ್ಲಿ ಅಲುಗದೆ ನಿಂತಿರುತ್ತದೆ. ವಾಕಿಂಗಿಗೆ ಬಂದವರು, ಹೂವಿನ ಬುಟ್ಟಿ ಹೊತ್ತವರು, ಶಾಲೆಯ ಚೀಲ ಹಾಕಿಕೊಂಡೇ ಕೈಮುಗಿದು ಓಡುವ ಮಕ್ಕಳು ಹಾದುಹೋಗುತ್ತಾರೆ. ಗುಡಿಯ ಅಂಗಳದಲ್ಲಿ ಸಿದ್ಧರಾಮರ ಸಮಾಧಿ ಇದೆ. ಅಲ್ಲಿ ಒಂದು ಗಳಿಗೆ ಕೂತುಕೊಳ್ಳಿ.

ವಚನ ಓದಿದವರಿಗೆಲ್ಲ ಸಿದ್ಧರಾಮರು ಗೊತ್ತು, ‘ಕಪಿಲಸಿದ್ಧ ಮಲ್ಲಿಕಾರ್ಜುನ’ ಎಂಬ ಅಂಕಿತ ಗೊತ್ತು. ಅವರ ಸೊನ್ನಲಿಗೆ ಇದೇ ಸೊಲ್ಲಾಪುರ ಎಂಬುದು ಮಾತ್ರ ಎಷ್ಟೋ ಜನರಿಗೆ ಹೊಳೆದಿರುವುದಿಲ್ಲ. ‘ಸೋಳಾ’ ಅಂದರೆ ಹದಿನಾರು, ಹದಿನಾರು ಹಳ್ಳಿ ಕೂಡಿ ಸೋಲಾಪುರವಾಯಿತು ಎಂದು ಒಂದು ಕಥೆ ಚಾಲ್ತಿಯಲ್ಲಿದೆ. ಶಾಸನಗಳಲ್ಲಿರುವ ಹೆಸರು ಸೊನ್ನಲಿಗೆ. ಸಿದ್ಧರಾಮರು 12ನೇ ಶತಮಾನದಲ್ಲಿ ಇಲ್ಲಿ ಮುದ್ದುಗೌಡ ಮತ್ತು ಸುಗ್ಗವ್ವೆಯ ಮಗನಾಗಿ ಹುಟ್ಟಿ, ದನ ಕಾಯುತ್ತಿದ್ದ ಹುಡುಗ. ಹೊಲದಲ್ಲಿ ಜಂಗಮನೊಬ್ಬ ಬಂದು ಮಜ್ಜಿಗೆ ಅನ್ನ ಕೇಳಿದ. ಹುಡುಗ ಮನೆಗೆ ಓಡಿ ತರುವಷ್ಟರಲ್ಲಿ ಜಂಗಮ ಇಲ್ಲ. ಮಲ್ಲಯ್ಯಾ ಮಲ್ಲಯ್ಯಾ ಎಂದು ಅಳುತ್ತ ಹುಡುಕಿಕೊಂಡು ಶ್ರೀಶೈಲದವರೆಗೆ ಹೋದ. ನಿನ್ನೂರನ್ನೇ ಇನ್ನೊಂದು ಶ್ರೀಶೈಲ ಮಾಡು ಎಂಬ ಅಪ್ಪಣೆ ಹೊತ್ತು ಮರಳಿದ. ರಾಘವಾಂಕ ಈ ಕಥೆಯನ್ನು ಕಾವ್ಯ ಮಾಡಿದ್ದಾನೆ. ನಮ್ಮ ಕಡೆಯ ಅಜ್ಜಿಯರಿಗೆ ರಾಘವಾಂಕ ಗೊತ್ತಿಲ್ಲದಿದ್ದರೂ ಕಥೆ ಪೂರ್ತಿ ಬರುತ್ತದೆ.

ಹಿಂದಿರುಗಿ ಬಂದ ಸಿದ್ಧರಾಮರು ಗುಡಿ ಕಟ್ಟಿಸಿದರು, ಕೆರೆ ತೋಡಿಸಿದರು, ಊರ ಸುತ್ತ 68 ಲಿಂಗಗಳನ್ನು ಸ್ಥಾಪಿಸಿದರು ಎಂಬುದು ಇಲ್ಲಿಯ ನಂಬಿಕೆ. ಶೂನ್ಯಸಂಪಾದನೆಯಲ್ಲಿ ಅಲ್ಲಮ ಸೊನ್ನಲಿಗೆಗೆ ಬಂದು, ನಿಮ್ಮ ಒಡ್ಡರಾಮ ಎಲ್ಲಿ ಎಂದು ಕೆಣಕಿದಾಗ ಸಿಟ್ಟಿಗೆದ್ದ ಕೆರೆಯ ಕೆಲಸಗಾರರು ಅವನ ಮೇಲೆ ಕಲ್ಲು ತೂರುತ್ತಾರಲ್ಲ, ಅದು ನಡೆದದ್ದು ಈ ಮಣ್ಣಿನಲ್ಲಿ. ಬಾವಿ ಕೆರೆ ಕಟ್ಟಿಸಿ ಪುಣ್ಯ ಗಳಿಸುವುದು ದೊಡ್ಡದೋ, ತನ್ನನ್ನು ತಾನು ಅರಿಯುವುದು ದೊಡ್ಡದೋ ಎಂಬ ಆ ಜಗಳದ ಕೊನೆಗೆ ಸಿದ್ಧರಾಮರು ಅಲ್ಲಮನ ಜೊತೆ ಕಲ್ಯಾಣಕ್ಕೆ ನಡೆದರು. ಅವರು ಬಿಟ್ಟುಹೋದ ಕೆರೆಯ ಹೆಸರು ಇಂದಿಗೂ ಅವರದೇ. ದಂಡೆಯ ಮೆಟ್ಟಿಲ ಮೇಲೆ ಕೂತು ಆ ಪ್ರಸಂಗ ಓದಿಕೊಳ್ಳುವ ಸುಖ ಬೇರೆ ಯಾವ ಊರಲ್ಲೂ ಸಿಗುವುದಿಲ್ಲ.

ಆಗುವುದಾದರೆ ಸಂಕ್ರಾಂತಿಗೆ ಬನ್ನಿ. ಆಗ ಗಡ್ಡಾ ಯಾತ್ರೆ. ಸಿದ್ಧರಾಮರ ಅಂಗಳವನ್ನು ದಿನಾ ಗುಡಿಸಿ ರಂಗೋಲಿ ಹಾಕುತ್ತಿದ್ದ ಕುಂಬಾರರ ಹುಡುಗಿಯೊಬ್ಬಳು ಅವರನ್ನೇ ಮದುವೆಯಾಗುತ್ತೇನೆಂದಳು. ನಾನು ಬ್ರಹ್ಮಚಾರಿ, ಬೇಕಾದರೆ ನನ್ನ ಯೋಗದಂಡವನ್ನು ಮದುವೆಯಾಗು ಎಂದರು ಸಿದ್ಧರಾಮರು. ಅವಳು ಒಪ್ಪಿದಳು. ಆ ಮದುವೆ ಪ್ರತಿ ವರ್ಷ ನಡೆಯುತ್ತದೆ. ಯೋಗದಂಡದ ಗುರುತಾಗಿ ಏಳು ನಂದಿಧ್ವಜಗಳು ಹಿರೇಹಬ್ಬು ವಾಡೆಯಿಂದ ಹೊರಡುತ್ತವೆ. ಹೊರುವವರೆಲ್ಲ ಬಿಳಿಯ ಬಾರಾಬಂದಿ ಅಂಗಿ ತೊಟ್ಟಿರುತ್ತಾರೆ. ಎತ್ತರದ ಆ ಕೋಲನ್ನು ಸೊಂಟದ ಮೇಲೆ ಆನಿಸಿ ಒಬ್ಬನೇ ಎತ್ತಿ ನಿಂತಾಗ ಸುತ್ತಲಿನವರ ಉಸಿರು ಬಿಗಿಯಾಗುತ್ತದೆ. ಕೋಲು ಒಂದಿಷ್ಟು ವಾಲಿದರೂ ಹತ್ತು ಕೈಗಳು ಮುಂದೆ ಬರುತ್ತವೆ. ಹೊತ್ತವನ ಕಣ್ಣು ಮಾತ್ರ ಮೇಲಿನ ತುದಿಯಲ್ಲಿ ನೆಟ್ಟಿರುತ್ತದೆ.

ನಾನು ಓದುಗರಿಗೆ ಮುಖ್ಯವಾಗಿ ಹೇಳಬೇಕೆಂದಿರುವುದು ಈ ಯಾತ್ರೆಯ ಐದು ದಿನಗಳ ಹೆಸರುಗಳನ್ನು. ಮೊದಲ ದಿನ 68 ಲಿಂಗಗಳಿಗೂ ನಂದಿಧ್ವಜಗಳು ಹೋಗಿ ಎಣ್ಣೆ ಸ್ನಾನ ಆಗುತ್ತದೆ. ಮರಾಠಿ ಪತ್ರಿಕೆಗಳು ಅದನ್ನು ‘ಯಣ್ಣೀಮಜ್ಜನ’ ಎಂದು ಅಚ್ಚು ಹಾಕುತ್ತವೆ. ನಮ್ಮ ಎಣ್ಣೆಮಜ್ಜನವೇ ಅದು. ಮರುದಿನ ಸಂಮತಿ ಕಟ್ಟೆಯ ಮುಂದೆ ಅಕ್ಷತೆ. ಸೇರಿದ ಲಕ್ಷಾಂತರ ಜನ ಒಟ್ಟಿಗೆ ಕೈಯೆತ್ತಿ ಅಕ್ಷತೆ ಹಾಕುವಾಗ ಗಾಳಿಯೇ ಬೆಳ್ಳಗಾದಂತೆ ಕಾಣುತ್ತದೆ. ಮೂರನೆಯ ದಿನ ಹೋಮ. ಗುಡಿಯ ಹತ್ತಿರದ ದೊಡ್ಡ ಬಯಲಿಗೆ ಹೋಮ ಮೈದಾನ ಎಂದು ಹೆಸರು ಬಂದದ್ದು ಅದರಿಂದ. ಕುಂಬಾರರ ಹುಡುಗಿ ಅಗ್ನಿ ಪ್ರವೇಶಿಸಿದ ನೆನಪಿಗೆ ಆ ಬೆಂಕಿ. ನಾಲ್ಕನೆಯ ದಿನ ಮದ್ದು ಸುಡುವುದು. ಕೊನೆಯ ದಿನ ನಂದಿಧ್ವಜಕ್ಕೆ ಸುತ್ತಿದ ಬಟ್ಟೆ ಬಿಚ್ಚುವ ವಿಧಿ, ಅದರ ಹೆಸರು ‘ಕಪ್ಪಡಕಳಿ’. ಕಪ್ಪಡ ಕಳೆಯುವುದು. ಮನೆಯಲ್ಲಿ ಮರಾಠಿ ಮಾತಾಡುವ, ಕನ್ನಡದ ಒಂದಕ್ಷರ ಬಾರದ ಹುಡುಗರೂ ಈ ಮಾತುಗಳನ್ನು ಹೀಗೇ ಹೇಳುತ್ತಾರೆ. ಹೇಳುವವರಿಗೆ ಅದು ಹೆಸರು ಮಾತ್ರ, ಕೇಳುವ ಕನ್ನಡಿಗನಿಗೆ ಅರ್ಥವೂ ತೆರೆದುಕೊಳ್ಳುತ್ತದೆ. ಈ ಊರನ್ನು ಕಣ್ಣಿಗಿಂತ ಮೊದಲು ಕಿವಿಯಿಂದ ನೋಡಬೇಕು ಎಂದು ನಾನು ಹೇಳುವುದು ಇದಕ್ಕೆ.

ಕೆರೆಯ ಪಕ್ಕದ ಭುಯಿಕೋಟ ಕೋಟೆಗೆ ಒಂದು ಗಂಟೆ ಕೊಡಿ. ಬಹಮನಿ ಕಾಲದ್ದು, ಎರಡು ಸುತ್ತಿನ ಗೋಡೆ, ನೆಲದ ಮಟ್ಟದಲ್ಲೇ ಕಟ್ಟಿದ್ದು. ಬಹಮನಿ, ಆದಿಲಶಾಹಿ, ನಿಜಾಮಶಾಹಿ, ಮೊಗಲ, ಪೇಶ್ವೆ ಎಲ್ಲರ ಕೈ ದಾಟಿ 1818ರ ಮೇ ತಿಂಗಳಲ್ಲಿ ಥಾಮಸ್ ಮನ್ರೋನ ಸೈನ್ಯಕ್ಕೆ ಸಿಕ್ಕಿತು. ಒಳಗೆ ಅಗೆದಾಗ ಹಳೆಯ ಶಿವಾಲಯವೊಂದರ ಅವಶೇಷ ಹೊರಬಿದ್ದಿದೆ. ಗೋಡೆಯ ಮೇಲಿಂದ ಕೆರೆಯನ್ನೂ ಗುಡಿಯನ್ನೂ ಒಟ್ಟಿಗೆ ನೋಡಬಹುದು.

ಅಲ್ಲಿಂದ ಮುಂದೆ ಇಂದ್ರಭುವನ. ವಾರದ ಮನೆತನದ ಲಿಂಗಾಯತ ವ್ಯಾಪಾರಿಗಳು ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ ಕಟ್ಟಿಸಿದ ಅರಮನೆಯಂಥ ಮನೆ. ನಂತರ ನಗರಪಾಲಿಕೆಯ ಕಚೇರಿಯಾಯಿತು. ಕಂಬ, ಕಮಾನು, ಗಾರೆಯ ಮೂರ್ತಿಗಳನ್ನು ನೋಡುತ್ತ ಹೊರಗೆ ಒಂದು ಸುತ್ತು ಬಂದರೂ ಸಾಕು, ಒಂದು ಕಾಲಕ್ಕೆ ಈ ಪೇಟೆಯಲ್ಲಿ ಎಷ್ಟು ಹಣ ಓಡಾಡುತ್ತಿತ್ತು ಎಂಬುದು ತಿಳಿಯುತ್ತದೆ.

ಆ ಹಣ ಬಂದದ್ದು ಹತ್ತಿಯಿಂದ. 1870ರ ದಶಕದಲ್ಲಿ ಇಲ್ಲಿ ಮೊದಲ ಬಟ್ಟೆ ಗಿರಣಿ ಎದ್ದಿತು. ಜನ ಅದನ್ನು ಇಂದಿಗೂ ಕರೆಯುವುದು ಜುನೀ ಗಿರಣಿ, ಅಂದರೆ ಹಳೆಯ ಗಿರಣಿ ಎಂದೇ. ಆಮೇಲೆ ಲಕ್ಷ್ಮೀ, ವಿಷ್ಣು, ನರಸಿಂಗಗಿರಜಿ ಬಂದವು. ಗಿರಣಿಯ ಭೋಂಗಾ ಕೂಗಿದರೆ ಊರೆಲ್ಲ ಏಳುತ್ತಿತ್ತು, ಕೂಗಿದರೆ ಉಣ್ಣುತ್ತಿತ್ತು. ನಮ್ಮ ಹಳ್ಳಿಗಳಿಂದ ಬರಗಾಲದಲ್ಲಿ ಗಂಟು ಕಟ್ಟಿಕೊಂಡು ಹೊರಟವರು ಈ ಗಿರಣಿಗಳ ಬಾಗಿಲಲ್ಲಿ ನಿಂತರು, ತೆಲಂಗಾಣದಿಂದ ಪದ್ಮಶಾಲಿ ನೇಕಾರರು ಬಂದು ಊರಿನ ಪೂರ್ವ ಭಾಗವನ್ನೇ ತಮ್ಮದು ಮಾಡಿಕೊಂಡರು. ಸೊಲ್ಲಾಪುರದ ಒಂದೊಂದು ಓಣಿಯಲ್ಲಿ ಮರಾಠಿ, ಕನ್ನಡ, ತೆಲುಗು, ದಖನಿ ನಾಲ್ಕೂ ಹೆಣೆದುಕೊಂಡಿರುವುದು ಈ ಕೂಲಿಯ ಇತಿಹಾಸದಿಂದ.

1930ರ ಮೇ ತಿಂಗಳಲ್ಲಿ, ಗಾಂಧೀಜಿ ಬಂಧನವಾದ ಸುದ್ದಿ ಬಂದಾಗ, ಈ ಗಿರಣಿಯ ಜನ ಬೀದಿಗಿಳಿದರು. ಗೋಲಿಬಾರಾಯಿತು. ಪೊಲೀಸರು ಊರು ಬಿಟ್ಟರು. 9ರಿಂದ 11ರವರೆಗೆ ಮೂರು ದಿನ ಸೊಲ್ಲಾಪುರ ಬ್ರಿಟಿಷರ ಕೈಯಲ್ಲಿರಲಿಲ್ಲ. 12ರಂದು ಮಾರ್ಷಲ್ ಲಾ ಹೇರಿದರು. ಅದರ ಬೆನ್ನಿಗೆ ನಾಲ್ವರ ಮೇಲೆ ಕೊಲೆ ಮೊಕದ್ದಮೆ ಹೂಡಿ, 1931ರ ಜನವರಿ 12ರಂದು ಪುಣೆಯ ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್. ನಾಲ್ಕು ಹೆಸರುಗಳನ್ನು ಒಟ್ಟಿಗೆ ಓದಿದರೆ ಊರಿನ ಓಣಿಗಳೇ ಕಣ್ಣಮುಂದೆ ಬರುತ್ತವೆ. ಅವರ ಪುತ್ಥಳಿಗಳಿರುವ ಹುತಾತ್ಮ ಚೌಕದಲ್ಲಿ ಒಂದು ನಿಮಿಷವಾದರೂ ನಿಲ್ಲಿ. ಮಕ್ಕಳು ಜೊತೆಗಿದ್ದರೆ ಈ ಕಥೆಯನ್ನು ಅಲ್ಲೇ ಹೇಳಿ.

ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಇಲ್ಲಿ ನನಗೊಂದು ಕೊರಗಿದೆ. ತೈವಾನಿನ ಕಾವ್‌ಶುಂಗ್ ಎಂಬ ಬಂದರು ನಗರವೂ ಸೊಲ್ಲಾಪುರದ ಹಾಗೆ ದುಡಿಯುವವರ ಊರು. ಅಲ್ಲಿಯೂ ಊರೊಳಗೆ ಒಂದು ದೊಡ್ಡ ಕೆರೆ ಇದೆ, ಕಮಲದ ಕೆರೆ. ದಂಡೆಯ ಸುತ್ತ ಗುಡಿಗಳಿವೆ. 1976ರಲ್ಲಿ ಕಟ್ಟಿದ ಜೋಡಿ ಗೋಪುರಗಳಿಗೆ ಡ್ರ್ಯಾಗನ್ನಿನ ಬಾಯಿಂದ ಹೊಕ್ಕು ಹುಲಿಯ ಬಾಯಿಂದ ಹೊರಬರಬೇಕು, ಹಾಗೆ ಮಾಡಿದರೆ ಕೆಟ್ಟದ್ದು ಕಳೆದು ಒಳ್ಳೆಯದಾಗುತ್ತದೆ ಎಂಬ ನಂಬಿಕೆ. ಅದೇ ಊರಿನ ಬಂದರಿನಲ್ಲಿ ಸಕ್ಕರೆ, ಮೀನಿನ ಪುಡಿ ತುಂಬಿಡುತ್ತಿದ್ದ ಗೋದಾಮುಗಳು ಪಾಳು ಬಿದ್ದಾಗ ಕೆಡವಲಿಲ್ಲ. ಈ ಶತಮಾನದ ಆರಂಭದಲ್ಲಿ ಕಲಾವಿದರಿಗೆ ಬಿಟ್ಟುಕೊಟ್ಟರು. ಇಂದು ಊರಿಗೆ ಬಂದವರೆಲ್ಲ ಆ ಗೋದಾಮುಗಳ ನಡುವೆ ಒಂದು ಸಂಜೆ ಕಳೆಯುತ್ತಾರೆ. ನಮ್ಮ ಗಿರಣಿಗಳ ಒಂದು ಷೆಡ್ಡನ್ನಾದರೂ ಹೀಗೆ ಉಳಿಸಿ, ಒಳಗೆ ಹಳೆಯ ಮಗ್ಗ ನಿಲ್ಲಿಸಿ, ಆ ಭೋಂಗಾವನ್ನು ದಿನಕ್ಕೊಮ್ಮೆ ಕೂಗಿಸಿದ್ದರೆ, ಸೊಲ್ಲಾಪುರವನ್ನು ನೋಡಲು ಬಂದವರಿಗೆ ಈ ಊರು ಹೇಗೆ ಬದುಕಿತು ಎಂಬುದನ್ನು ಮಾತಿನಲ್ಲಿ ಹೇಳುವ ಕೆಲಸವೇ ಇರುತ್ತಿರಲಿಲ್ಲ.

ಮಗ್ಗ ಪೂರ್ತಿ ನಿಂತಿಲ್ಲ ಎಂಬುದೇ ಸಮಾಧಾನ. ಚಾದರ ಕೊಳ್ಳುವುದಿದ್ದರೆ ಬಸ್‌ಸ್ಟ್ಯಾಂಡಿನ ಪಕ್ಕದ ಅಂಗಡಿಗೆ ಹೋಗಬೇಡಿ, ನೇಕಾರರ ಓಣಿಗೆ ಹೋಗಿ. ನಾನು ಹೋಗುವ ಒಂದು ಅಂಗಡಿಯಲ್ಲಿ ಮಾಲೀಕರು ನನ್ನ ಜೊತೆ ಕನ್ನಡ, ಹೆಂಡತಿಯ ಜೊತೆ ತೆಲುಗು, ಬಿಲ್ಲಿನ ಮೇಲೆ ಮರಾಠಿ. ಚಾದರವನ್ನು ನೆಲಕ್ಕೆ ಬಿಚ್ಚಿ ಹಾಸಿ, ಒಂದು ಅಂಚು ಮಡಚಿ ಹಿಂಬದಿ ತೋರಿಸುತ್ತಾರೆ. ಮೇಲ್ಬದಿಯಲ್ಲಿ ಕೆಂಪು ನೆಲದ ಮೇಲೆ ಬಿಳಿ ನವಿಲು ಇದ್ದರೆ ಹಿಂಬದಿಯಲ್ಲಿ ಬಿಳಿ ನೆಲದ ಮೇಲೆ ಕೆಂಪು ನವಿಲು. ಎರಡು ಪದರವನ್ನು ಒಟ್ಟಿಗೆ ನೇಯ್ದು, ಚಿತ್ತಾರ ಬಂದಲ್ಲಿ ಪದರ ಅದಲುಬದಲಾಗುವುದರಿಂದ ಹೀಗಾಗುತ್ತದೆ. ಇದಕ್ಕೆ ಉಲ್ಟಾ ಸುಲ್ಟಾ ಇಲ್ಲ, ಹೆಂಗ ಹೊದ್ಕೊಂಡ್ರೂ ನೆಟ್ಟಗೇ ಎನ್ನುತ್ತಾರೆ ಅವರು. ಸೊಲ್ಲಾಪುರಿ ಚಾದರಕ್ಕೂ ಟವೆಲಿಗೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಆದರೂ ಹೊರಗಿನ ಅಗ್ಗದ ಮಾಲಿಗೆ ಈ ಹೆಸರು ಅಂಟಿಸಿ ಮಾರುವವರಿದ್ದಾರೆ. ಅಂಚು ಮಡಚಿ ನೋಡಿಯೇ ಕೊಳ್ಳಿ.

ಹಸಿವಾದರೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೇಲೆ ಮೊಸರು. ಕುಟ್ಟಿದಾಗ ಎಣ್ಣೆ ಬಿಟ್ಟುಕೊಂಡ ಚಟ್ನಿಯನ್ನೇ ಕೇಳಿ ತನ್ನಿ. ಜೋಳ ಮಂಗಳವೇಢೆಯ ಮಾಲದಂಡಿಯಾದರೆ ಇನ್ನೂ ಒಳ್ಳೆಯದು.

ಮೈಸೂರಿನವರು ಕೇಳಿದರೆ ಆಶ್ಚರ್ಯಪಡುವ ಇನ್ನೊಂದು ಮಾತು. 1950ರ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಈ ಸೊಲ್ಲಾಪುರದಲ್ಲಿ, ಎಂ. ಆರ್. ಶ್ರೀನಿವಾಸಮೂರ್ತಿ ಅಧ್ಯಕ್ಷರು. 1974ರಲ್ಲಿ ಮಂಡ್ಯದ ಸಮ್ಮೇಳನದ ಅಧ್ಯಕ್ಷ ಪೀಠಕ್ಕೆ ಬಂದ ಮೊದಲ ಮಹಿಳೆ ಜಯದೇವಿತಾಯಿ ಲಿಗಾಡೆ ಹುಟ್ಟಿದ್ದು ಇಲ್ಲಿ. ಸಿದ್ಧರಾಮರ ಪುರಾಣವನ್ನು ಅವರು ನಮ್ಮ ಹೆಂಗಸರು ಬೀಸುವಾಗ ಹಾಡುವ ತ್ರಿಪದಿಯಲ್ಲಿ ಬರೆದರು. ಚೀನಾದ ಯುದ್ಧಭೂಮಿಯಲ್ಲಿ ಗಾಯಾಳುಗಳ ಸೇವೆ ಮಾಡುತ್ತ 1942ರಲ್ಲಿ, 32ನೇ ವಯಸ್ಸಿಗೆ ತೀರಿಕೊಂಡ ಡಾ. ದ್ವಾರಕಾನಾಥ ಕೋಟ್ನಿಸ್ ಕೂಡ ಇದೇ ಊರಿನವರು. ಅವರು ಹುಟ್ಟಿದ ಮನೆ ಈಗ ಸ್ಮಾರಕ. ಹೊರಗಿನವರು ಅದನ್ನು ಹುಡುಕಿಕೊಂಡು ಬರುತ್ತಾರೆ, ನಮ್ಮವರಿಗೆ ದಾರಿ ಗೊತ್ತಿಲ್ಲ.

ಎರಡನೆಯ ದಿನ ಬೆಳಿಗ್ಗೆ ಊರ ಹೊರಗೆ ಹೊರಡಿ. ದಕ್ಷಿಣ ಸೊಲ್ಲಾಪುರ ತಾಲೂಕಿನಲ್ಲಿ, ಸೀನಾ ನದಿ ಭೀಮೆಗೆ ಕೂಡುವಲ್ಲಿ ಹತ್ತರಸಂಗ ಕೂಡಲ ಇದೆ. ಕೃಷ್ಣೆ ಮಲಪ್ರಭೆ ಕೂಡುವ ನಮ್ಮ ಕೂಡಲಸಂಗಮದಂತೆ ಇಲ್ಲಿಯೂ ಸಂಗಮೇಶ್ವರನೇ. ಚಾಲುಕ್ಯರ ಕಾಲದ ಎರಡು ಗುಡಿಗಳು, ಸಂಗಮೇಶ್ವರ ಮತ್ತು ಹರಿಹರೇಶ್ವರ. ಒಂದೇ ಕಲ್ಲಿನ ಮೈತುಂಬ ಪುಟ್ಟ ಪುಟ್ಟ ಶಿವಮುಖಗಳನ್ನು ಸಾಲುಸಾಲಾಗಿ ಕಡೆದ ಒಂದು ಲಿಂಗ ಇಲ್ಲಿದೆ. ಎಣಿಸಿದವರು 359 ಮುಖ, ಲಿಂಗವೂ ಸೇರಿ 360 ಎನ್ನುತ್ತಾರೆ. ಹತ್ತಿರ ಬಗ್ಗಿ ನೋಡಿದರೆ ಪ್ರತಿ ಮುಖಕ್ಕೂ ಕಣ್ಣು ಮೂಗು ಬೇರೆ ಬೇರೆಯಾಗಿ ಬಿಡಿಸಿರುವುದು ಕಾಣುತ್ತದೆ. ನಾನು ಎಣಿಸಲು ಹೋಗಿ ಮೂರನೆಯ ಸಾಲಿಗೆ ನಿಲ್ಲಿಸಿದೆ, ಎಣಿಕೆಗಿಂತ ಆ ಮುಖಗಳ ಶಾಂತಿಯೇ ಹಿಡಿದಿಟ್ಟಿತು.

ಸಂಗಮೇಶ್ವರ ಗುಡಿಯ ತೊಲೆಯ ಮೇಲೆ ಶಕ 940ರ, ಅಂದರೆ ಕ್ರಿ.ಶ. 1018ರ ಬರಹವಿದೆ. ಮರಾಠಿಯ ಅತ್ಯಂತ ಹಳೆಯ ಶಾಸನಗಳಲ್ಲಿ ಒಂದು. ಓದಿದವನಿಗೆ ಜಯವಾಗಲಿ ಎಂದು ಅದರ ಅರ್ಥ. ಮರಾಠಿಯ ಇನ್ನೊಂದು ಪ್ರಾಚೀನ ಸಾಲು ಇರುವುದು ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ. ಅವರ ಹಳೆಯ ಮಾತು ನಮ್ಮಲ್ಲಿದೆ, ನಮ್ಮ ಶಿವಯೋಗಿ ಅವರಲ್ಲಿದ್ದಾರೆ. ಈ ಕೊಡುಕೊಳುವಿಕೆ ಮನಸ್ಸಿಗೆ ಇಳಿದವನು ಗಡಿಯ ಕಲ್ಲಿನ ಮುಂದೆ ನಿಂತು ಜಗಳಾಡುವುದಿಲ್ಲ ಎಂದು ನಾನು ನಂಬಿದ್ದೇನೆ.

ಮಧ್ಯಾಹ್ನದ ಹೊತ್ತಿಗೆ ಅಕ್ಕಲಕೋಟೆ ಮುಟ್ಟಿ. ಸೊಲ್ಲಾಪುರದಿಂದ 40 ಕಿಲೋಮೀಟರಿಗೂ ಕಡಿಮೆ. ಸ್ವಾಮಿ ಸಮರ್ಥರು 19ನೇ ಶತಮಾನದ ನಡುವಿನಲ್ಲಿ ಇಲ್ಲಿಗೆ ಬಂದು, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇದ್ದು, 1878ರಲ್ಲಿ ದೇಹ ಬಿಟ್ಟರು. ಅವರು ಕೂರುತ್ತಿದ್ದ ಆಲದ ಮರದ ಸುತ್ತ ವಟವೃಕ್ಷ ಮಂದಿರ ಬೆಳೆದಿದೆ. ಹೆಚ್ಚಿನವರು ಅಲ್ಲಿಗೇ ಬಂದು ತಿರುಗುತ್ತಾರೆ. ಭಕ್ತ ಚೋಳಪ್ಪನ ಮನೆಯಿದ್ದ ಜಾಗದಲ್ಲಿರುವ ಸಮಾಧಿ ಮಠಕ್ಕೂ ನಡೆದು ಹೋಗಿ. ಅಲ್ಲಿ ಗದ್ದಲ ಕಡಿಮೆ. ಸಮರ್ಥರನ್ನು ಗಾಣಗಾಪುರದ ನೃಸಿಂಹ ಸರಸ್ವತಿಗಳ ಅವತಾರವೆಂದು ಭಕ್ತರು ನಂಬುತ್ತಾರೆ. ಆ ಗಾಣಗಾಪುರ ಇರುವುದು ನಮ್ಮ ನೆರೆಯ ಅಫಜಲಪುರ ತಾಲೂಕಿನಲ್ಲಿ, ಭೀಮೆ ಅಮರ್ಜೆ ಕೂಡುವಲ್ಲಿ. ಪುಣೆ ಮುಂಬಯಿಯ ದತ್ತಭಕ್ತರು ಅಕ್ಕಲಕೋಟೆ ಮುಗಿಸಿ ಗಾಣಗಾಪುರಕ್ಕೆ ಹೋಗುತ್ತಾರೆ, ಅವರ ಗಾಡಿಗಳು ಹೋಗುವ ದಾರಿಯ ಊರುಗಳೆಲ್ಲ ಕನ್ನಡದವು. ಅನ್ನಛತ್ರದಲ್ಲಿ ಊಟಕ್ಕೆ ಕೂತರೆ ನಿಮ್ಮ ಎಡಕ್ಕೆ ಮುಂಬಯಿಯವರು, ಬಲಕ್ಕೆ ಇಂಡಿಯವರು.

ದರ್ಶನದ ನಂತರ ಅರಮನೆಯ ಕಡೆ ಹೋಗಿ. ಅಕ್ಕಲಕೋಟೆ 1948ರವರೆಗೆ ಭೋಸಲೆ ಅರಸರ ಸಂಸ್ಥಾನ. ಅದರ ಮೂಲ ಕಥೆ ಚೆನ್ನಾಗಿದೆ. ಶಾಹೂ ಮಹಾರಾಜ ಮೊಗಲರ ಸೆರೆಯಿಂದ ಬಿಡುಗಡೆಯಾಗಿ ಬರುವಾಗ ಪಾರದ ಎಂಬ ಹಳ್ಳಿಯವರು ಅವನನ್ನು ಎದುರಿಸಿದರು. ಕದನದಲ್ಲಿ ಅಲ್ಲಿಯ ಪಾಟೀಲ ಸತ್ತ. ಅವನ ಹೆಂಡತಿ ತನ್ನ ಮಗುವನ್ನು ತಂದು ಶಾಹೂವಿನ ಪಲ್ಲಕ್ಕಿಯಲ್ಲಿ ಹಾಕಿದಳು. ಶಾಹೂ ಆ ಮಗುವನ್ನು ಸಾಕಿಕೊಂಡು, ಗೆಲುವಿನ ನೆನಪಿಗೆ ಫತೇಸಿಂಹ ಎಂದು ಹೆಸರಿಟ್ಟು, ಮುಂದೆ ಅಕ್ಕಲಕೋಟೆಯನ್ನು ಕೊಟ್ಟ. ಆ ವಂಶದವರು ಕೂಡಿಸಿದ ಕತ್ತಿ, ಕಠಾರಿ, ಕೋವಿಗಳ ಶಸ್ತ್ರಾಗಾರ ಅಪರೂಪದ್ದು. ಹೋಗುವ ಮುಂಚೆ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಿ.

ಮೂರನೆಯ ದಿನವೂ ಸಿಕ್ಕರೆ ಪಂಢರಪುರ, ತುಳಜಾಪುರ ಇದ್ದೇ ಇವೆ, ಅವುಗಳ ದಾರಿ ಯಾರಿಗೂ ಹೇಳಬೇಕಿಲ್ಲ. ನಾನಾದರೆ ಬಸವಣ್ಣನವರು ಬಿಜ್ಜಳನ ಕೈಕೆಳಗೆ ಕರಣಿಕರಾಗಿ ಕೆಲಸ ಹಿಡಿದ ಮಂಗಳವಾಡಕ್ಕೆ, ಅಂದರೆ ಈಗಿನ ಮಂಗಳವೇಢೆಗೆ ಕರೆದುಕೊಂಡು ಹೋಗುತ್ತೇನೆ. ಸಂತ ಚೋಖಾಮೇಳರ ಕೊನೆಯಾದದ್ದೂ ಅಲ್ಲೇ. ಹಕ್ಕಿ ಪ್ರಿಯರು ನಾನ್ನಜಕ್ಕೆ ಹೋಗಬಹುದು. ಎರ್ಲಡ್ಡು ಹಕ್ಕಿಗಾಗಿ 1979ರಲ್ಲಿ ಘೋಷಿಸಿದ ಹುಲ್ಲುಗಾವಲಿನ ಅಭಯಾರಣ್ಯ ಅದು. ಆ ಹಕ್ಕಿ ಕಾಣುವ ಆಸೆ ಇಂದು ಇಟ್ಟುಕೊಳ್ಳಬೇಡಿ, ಕೃಷ್ಣಮೃಗ ಮತ್ತು ತೋಳ ಕಂಡರೂ ಹೋದದ್ದು ಸಾರ್ಥಕ.

ವಿಜಯಪುರದಿಂದಾಗಲಿ ಕಲಬುರಗಿಯಿಂದಾಗಲಿ ರಸ್ತೆಯಲ್ಲಿ ಸುಮಾರು 100 ಕಿಲೋಮೀಟರ್. ಗದಗ ಕಡೆಯಿಂದ ಬರುವ ರೈಲು ಹೋಟಗಿಯಲ್ಲಿ ಮುಂಬಯಿ ಹಳಿ ಸೇರಿ ಸೊಲ್ಲಾಪುರಕ್ಕೆ ಬರುತ್ತದೆ. ರೈಲಿನಲ್ಲಿ ಬರುವವರು ಒಂದು ನೆನಪಿಡಿ, ಅಕ್ಕಲಕೋಟೆ ರೋಡ್ ನಿಲ್ದಾಣ ಅಕ್ಕಲಕೋಟೆ ಪಟ್ಟಣದಿಂದ ಹತ್ತು ಕಿಲೋಮೀಟರ್ ದೂರದಲ್ಲಿದೆ. ಏಪ್ರಿಲ್ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಆಗ ಮಕ್ಕಳು ಮುದುಕರನ್ನು ಕರೆತರಬೇಡಿ. ನವೆಂಬರಿನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಮರಾಠಿ ಬರುವುದಿಲ್ಲ ಎಂದು ಅಳುಕಬೇಡಿ, ಹಿಂದಿಯನ್ನೂ ಹುಡುಕಬೇಡಿ. ರಿಕ್ಷಾ ಹತ್ತಿದ ಕೂಡಲೆ ಕನ್ನಡದಲ್ಲೇ ಮಾತು ತೆಗೆಯಿರಿ. ಎಲ್ಲಿಂದ ಬಂದ್ರೀ ಎಂಬ ಉತ್ತರ ಮುಂದಿನ ಸೀಟಿನಿಂದ ಬಂದರೆ ಆಶ್ಚರ್ಯಪಡಬೇಡಿ.